ಸಾಲ ತೀರಿಸಬೇಕು, ಮಾನ ತೆರಬೇಕಾಗಿಲ್ಲ

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದಿತ್ತು. ಜನರು ಊರು ಬಿಡಲು ಕಾರಣ ಬರವೂ ಅಲ್ಲ, ನೆರೆಯೂ ಅಲ್ಲ; ಮೈಕ್ರೋ ಫೈನಾನ್ಸ್ ಕಂಪೆನಿಗಳ ವಸೂಲಿಗಾರರ ಕಾಟ. ಆ ಕೂಗಿಗೆ ಎಚ್ಚೆತ್ತ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯೊಂದನ್ನು ಸಿದ್ಧಪಡಿಸಿತು. ರಾಜ್ಯಪಾಲರು ಅದನ್ನು ಒಮ್ಮೆ ಹಿಂದಿರುಗಿಸಿ, ಬಳಿಕ ಫೆಬ್ರವರಿ 12ರಂದು ಅಂಕಿತ ಹಾಕಿದರು. ಬಲಾತ್ಕಾರದ ವಸೂಲಿಗೆ 10 ವರ್ಷದ ತನಕ ಸಜೆ, 5 ಲಕ್ಷ ರೂಪಾಯಿಯ ತನಕ ದಂಡ ಎಂದು ಅದು ಸಾರಿತು.

ಈ ಸುದ್ದಿಯನ್ನು ಕನ್ನಡ ಪತ್ರಿಕೆಗಳಲ್ಲಿ ಓದಿದ ನಮ್ಮ ಪೆರ್ಲ, ಎಣ್ಮಕಜೆ ಕಡೆಯ ಹಲವರು, "ಇನ್ನು ನಮಗೂ ಹೆದರಿಕೆಯಿಲ್ಲ" ಎಂದು ನಿಟ್ಟುಸಿರು ಬಿಟ್ಟದ್ದುಂಟು. ಆದರೆ ಆ ಕಾನೂನು ಅಡ್ಕಸ್ಥಳದ ಆಚೆಗೆ ಮಾತ್ರ. ನಾವು ಓದುವ ಪತ್ರಿಕೆ ಕನ್ನಡದ್ದು, ನಮ್ಮನ್ನು ಆಳುವ ಕಾನೂನು ಕೇರಳದ್ದು. ಗಡಿನಾಡಿನವರ ಈ ಹಳೆಯ ಇಕ್ಕಟ್ಟು ಸಾಲದ ವಿಷಯದಲ್ಲಿಯೂ ನಮ್ಮನ್ನು ಬಿಟ್ಟಿಲ್ಲ. ಹಾಗೆಂದು ನಾವು ರಕ್ಷಣೆಯಿಲ್ಲದವರೇ? ಖಂಡಿತ ಅಲ್ಲ.

ಇದು ಹಿರಿಯರ ಪಾಡು ಮಾತ್ರವಲ್ಲ. ಕಂತಿನ ದಿನ ಶಾಲೆಗೆ ಬಾರದ ಮಕ್ಕಳನ್ನು ನಾವು ಅಧ್ಯಾಪಕರು ಕಂಡಿದ್ದೇವೆ. ಅಂಗಳದಲ್ಲಿ ನಿಂತು ಗದರುವ ಅಪರಿಚಿತನಿಗೆ "ಅಮ್ಮ ಮನೆಯಲ್ಲಿಲ್ಲ" ಎಂದು ಸುಳ್ಳು ಹೇಳುವ ಕೆಲಸ ಆ ಮಗುವಿನದ್ದು. ಗುಂಪು ಸಾಲವಾದರಂತೂ ನೆರೆಮನೆಯ ಹೆಂಗಸರನ್ನೇ ಜಗಲಿಯಲ್ಲಿ ಕುಳ್ಳಿರಿಸಿ, ಹಣ ಬರುವ ತನಕ ಏಳಬಾರದೆಂದು ಹೇಳುವ ಕ್ರಮವಿದೆ. ವಸೂಲಿಗಾರನು ಹೊರಟುಹೋಗುತ್ತಾನೆ, ಅಕ್ಕಪಕ್ಕದವರ ನಡುವಿನ ಹಗೆ ಉಳಿಯುತ್ತದೆ.

ರಿಸರ್ವ್ ಬ್ಯಾಂಕು ಇಡೀ ದೇಶಕ್ಕೆ ಅನ್ವಯಿಸುವಂತೆ 2022ರ ಮಾರ್ಚ್ 14ರಂದು ಕಿರುಸಾಲದ ನಿಯಮಗಳನ್ನು ಹೊರಡಿಸಿತು. ವಾರ್ಷಿಕ ವರಮಾನ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲಕ್ಕೆ ಇವು ಅನ್ವಯ. ಕಂತು ವಸೂಲು ಮಾಡಬೇಕಾದುದು ಇಬ್ಬರೂ ಒಪ್ಪಿದ ಸ್ಥಳದಲ್ಲಿ. ಸಾಲಗಾರನು ಅಲ್ಲಿಗೆ ಸತತವಾಗಿ ಎರಡು ಬಾರಿ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಬರಬಹುದು. ಬೆಳಗ್ಗೆ 9 ಗಂಟೆಗೆ ಮೊದಲು, ಸಂಜೆ 6 ಗಂಟೆಯ ಬಳಿಕ ಫೋನು ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ಬಂಧುಗಳನ್ನು ಪೀಡಿಸುವುದು, ಸಾಲಗಾರರ ಹೆಸರನ್ನು ಊರಿಗೆ ಸಾರುವುದು, ಎಲ್ಲವೂ ನಿಷಿದ್ಧ. ವಸೂಲಿ ಏಜೆಂಟನು ಗುರುತಿನ ಚೀಟಿ ಮತ್ತು ಅಧಿಕಾರಪತ್ರ ತರಬೇಕು. ಅದನ್ನು ಕೇಳಿ ನೋಡುವುದು ಒರಟುತನವಲ್ಲ, ನಮ್ಮ ಹಕ್ಕು.

ಇನ್ನೂ ಒಂದು ವಿಷಯ ನಮಗೆ ವಿಶೇಷವಾಗಿ ಮುಖ್ಯ. ಸಾಲದ ಕರಾರುಪತ್ರ ಮತ್ತು ಸಾಲದ ಕಾರ್ಡು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ಅದೇ ನಿಯಮ ಹೇಳುತ್ತದೆ. ಕಚೇರಿಯ ಫಲಕ, ಶಾಲೆಯ ಹುದ್ದೆ, ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲಿರಬೇಕೆಂದು ನಾವು ದಶಕಗಳಿಂದ ಹೋರಾಡಿದ್ದೇವೆ, ಅದು ಸರಿಯೇ. ಆದರೆ ನಮ್ಮ ತಾಯಂದಿರು ಓದಲಾಗದ ಮಲೆಯಾಳ ಅಥವಾ ಇಂಗ್ಲಿಷ್ ಕಾಗದಕ್ಕೆ ರುಜು ಹಾಕುವಾಗ ಕನ್ನಡದ ಪ್ರತಿಯನ್ನು ಕೇಳಿದವರೆಷ್ಟು ಮಂದಿ? ಬಡ್ಡಿ ಎಷ್ಟು, ವಿಮೆಯ ಹೆಸರಿನಲ್ಲಿ ಮುರಿದುಕೊಂಡದ್ದೆಷ್ಟು ಎಂಬುದು ತಿಳಿಯದೆ ಮಾಡಿದ ರುಜುವೇ ಮುಂದೆ ಬಾಯಿ ಕಟ್ಟುತ್ತದೆ. ಭಾಷಾ ಹಕ್ಕು ವೇದಿಕೆಯ ಭಾಷಣದ ವಿಷಯ ಮಾತ್ರವಲ್ಲ. ಅಡುಗೆ ಮನೆಯ ಡಬ್ಬಿಯಲ್ಲಿಟ್ಟ ಕಾರ್ಡಿನ ವಿಷಯವೂ ಹೌದು.

ಸಾಲ ತೀರಿಸಲು ಆಗದಿರುವುದು ತನ್ನಷ್ಟಕ್ಕೆ ಅಪರಾಧವಲ್ಲ. ಅದು ಸಿವಿಲ್ ವ್ಯವಹಾರ. "ನಾಳೆ ಪೊಲೀಸರು ಬಂದು ಹಿಡಿದೊಯ್ಯುತ್ತಾರೆ" ಎಂಬುದು ಹೆದರಿಸುವ ಮಾತಷ್ಟೇ. ನ್ಯಾಯಾಲಯದ ಜಪ್ತಿಯಲ್ಲೂ ಅಡುಗೆಯ ಪಾತ್ರೆ, ಹಾಸಿಗೆ, ಕಸುಬಿನ ಉಪಕರಣಗಳನ್ನು ಮುಟ್ಟಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುವಾಗ, ವಸೂಲಿಗಾರನು ಮಿಕ್ಸಿ ಹೊತ್ತೊಯ್ಯುವುದೆಂತು? ಆದರೆ ಒಂದು ಎಚ್ಚರ: ಚೆಕ್ಕು ಮರಳಿದರೆ ಅದು ಕ್ರಿಮಿನಲ್ ಮೊಕದ್ದಮೆಯಾಗುತ್ತದೆ. ಬರೆಯದ ಚೆಕ್ಕಿಗೆ ರುಜು ಹಾಕಿ ಕೊಡುವುದು ನಮ್ಮ ಕೊರಳಿಗೆ ನಾವೇ ಹಗ್ಗ ಹಾಕಿದಂತೆ.

ಬೆದರಿಕೆ ಒಡ್ಡುವುದಾದರೋ ಅಪರಾಧವೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 351ನೆಯ ಕಲಮು ಅದಕ್ಕೆ ಸಜೆ ವಿಧಿಸುತ್ತದೆ. ನಮ್ಮ ಅಂಗಳದಲ್ಲಿ ನಡೆದುದಕ್ಕೆ ದೂರು ಕೊಡಬೇಕಾದುದು ಇಲ್ಲಿನ ಠಾಣೆಗೇ, ಕಂಪೆನಿಯ ಕಚೇರಿ ಪುತ್ತೂರಿನಲ್ಲಿರಲಿ, ಮಂಗಳೂರಿನಲ್ಲಿರಲಿ. ಠಾಣೆಯಲ್ಲಿ ಸ್ವೀಕರಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠರಿಗೆ ಅಂಚೆಯಲ್ಲಿ ಕಳುಹಿಸಬಹುದು. ಮಲೆಯಾಳ ಬಾರದೆಂದು ಅಳುಕಬೇಕಾಗಿಲ್ಲ. ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ವಸೂಲಿಗಾರ ಬಂದ ದಿನ, ಗಂಟೆ, ಆಡಿದ ಮಾತು, ಕಂಡ ಸಾಕ್ಷಿ ಇವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೇ ಬರೆದಿಡಿ. ಬರೆಯಲಾರದ ತಾಯಿಗೆ ಓದುವ ಮಗಳಿದ್ದಾಳಲ್ಲ.

ಕಂಪೆನಿಗೆ ಮೊದಲು ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬ್ಯಾಂಕು ಹಾಗೂ ದೊಡ್ಡ ಹಣಕಾಸು ಕಂಪೆನಿಗಳ ವಿರುದ್ಧ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ಖರ್ಚಿಲ್ಲದೆ ದೂರಬಹುದು. 14448 ಸಂಖ್ಯೆಗೆ ಕರೆದರೆ ಕನ್ನಡದಲ್ಲೂ ಮಾಹಿತಿ ದೊರೆಯುತ್ತದೆ. ಮಹಿಳೆಯರಿಗೆ ವರಮಾನ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆಯಿದೆ. ಪರವಾನಿಗೆಯಿಲ್ಲದ ಬಡ್ಡಿ ವ್ಯಾಪಾರಿಗಳ ಮೇಲೆ ಕ್ರಮಕ್ಕೆ ಕೇರಳದಲ್ಲಿ 1958ರ ಲೇವಾದೇವಿ ಕಾಯ್ದೆಯೂ, ಅತಿಬಡ್ಡಿಯನ್ನು ತಡೆಯುವ 2012ರ ಕಾಯ್ದೆಯೂ ಬಂದವು. 2014ರಲ್ಲಿ 'ಆಪರೇಶನ್ ಕುಬೇರ' ಎಂಬ ಹೆಸರಿನಲ್ಲಿ ಪೊಲೀಸರು ರಾಜ್ಯವಿಡೀ ದಾಳಿ ನಡೆಸಿದರು. ದೂರು ಕೊಡುವವರಿಲ್ಲದಿದ್ದರೆ ಇಂಥ ಬಿರುಸು ಎಷ್ಟು ಕಾಲ ನಿಂತೀತು?

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಮಾತು ಅಪೂರ್ಣ. ಪಡೆದ ಸಾಲವನ್ನು ತೀರಿಸಲೇಬೇಕು. ಬಾಗಿಲಿಗೆ ಬರುವ ಹುಡುಗನೂ ಸಂಬಳಕ್ಕೆ ದುಡಿಯುವವನೇ. ಅವನ ಬೆನ್ನಿಗೂ ಮೇಲಿನವರ ಗದರಿಕೆಯಿದೆ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದೆಂದು 2022ರ ನಿಯಮ ಹೇಳಿತು. ಅಂದರೆ ತಿಂಗಳಿಗೆ 14,000 ರೂಪಾಯಿ ಬರುವ ಮನೆಗೆ 7,000 ರೂಪಾಯಿ ಕೊನೆಯ ಮಿತಿ. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದಿಂದ ಸಾಲ ತೆಗೆಯುವ ಮನೆ ಈ ಲೆಕ್ಕವನ್ನು ಎಂದೋ ದಾಟಿರುತ್ತದೆ. ಅಡಿಕೆಗೆ ಕೊಳೆರೋಗ ಬಂದ ವರ್ಷ, ಆಸ್ಪತ್ರೆ ಖರ್ಚು ಬಿದ್ದ ತಿಂಗಳು, ಕಂತು ತಪ್ಪುವ ಮೊದಲೇ ಹೋಗಿ ಅವಧಿ ಕೇಳುವುದು ಲೇಸು.

ಅಡಗಿ ಕುಳಿತವರ ಮೇಲೆಯೇ ದಬ್ಬಾಳಿಕೆ ಹೆಚ್ಚು. ವಸೂಲಿಗಾರ ಬಂದಾಗ ನೆರೆಯವರು ಬಾಗಿಲು ಹಾಕಿಕೊಳ್ಳದೆ, ಆ ಮನೆಯ ಅಂಗಳಕ್ಕೆ ಬಂದು ಸುಮ್ಮನೆ ನಿಂತರೂ ಸಾಕು, ಅವನ ದನಿ ತಗ್ಗುತ್ತದೆ. ಕುಟುಂಬಶ್ರೀಯ ಕೂಟ, ಶಾಲೆಯ ರಕ್ಷಕ ಶಿಕ್ಷಕ ಸಂಘ, ಪಂಚಾಯತಿನ ವಾರ್ಡು ಸದಸ್ಯರು ಈ ವಿಷಯವನ್ನು ಕೈಗೆತ್ತಿಕೊಳ್ಳಬೇಕು. ಕಂತಿನ ದಿನವೂ ಮಗು ಶಾಲೆಗೆ ಬರುವಂತಾಗಬೇಕು.