ಮೊಸರನ್ನ ತಿಂದವರು ಯಾರು?

ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಈ ಗಾದೆಯನ್ನು ಕಟ್ಟಿದವನು ಮನುಷ್ಯನೆಂಬುದನ್ನು ಮಾತ್ರ ಹೆಚ್ಚಿನವರು ಗಮನಿಸಿದಂತಿಲ್ಲ. ಗಾದೆ ಕಟ್ಟುವ ವಿದ್ಯೆ ಕೋತಿಗೂ ತಿಳಿದಿದ್ದರೆ ತಿಂದವರ ಹೆಸರೂ ಒರೆಸಿಕೊಂಡವರ ಹೆಸರೂ ಬಹುಶಃ ಬೇರೆಯಾಗಿರುತ್ತಿದ್ದವು.

ಮಲೆನಾಡಿನ ಕೃಷಿಕನಿಗೆ ಮಂಗವೆಂಬುದು ಹಾಸ್ಯದ ವಸ್ತುವಲ್ಲ. ಎಳೆಯ ಅಡಿಕೆಯನ್ನು ಕಚ್ಚಿ, ರಸ ಹೀರಿ, ಉಳಿದುದನ್ನು ಉದುರಿಸಿ ಹೋಗುವ ಹಿಂಡು ಒಂದು ಮುಂಜಾನೆಯಲ್ಲಿ ಮಾಡುವ ನಷ್ಟವನ್ನು ಒಂದೂವರೆ ಎಕರೆಯ ತೋಟದವನು ವರ್ಷವಿಡೀ ಲೆಕ್ಕ ಹಾಕುತ್ತಾನೆ. ಬಾಳೆ, ಏಲಕ್ಕಿ, ತೆಂಗು ಯಾವುದೂ ಉಳಿಯುವುದಿಲ್ಲ. ಹಿಂದೆ ತೋಟ ಕಾಯಲು ಮನೆತುಂಬ ಮಕ್ಕಳಿದ್ದರು. ಈಗ ಮಕ್ಕಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕಾಯುತ್ತಿದ್ದಾರೆ. ಊರಿನಲ್ಲಿ ಉಳಿದ ಎಪ್ಪತ್ತರ ಹಿರಿಯರು ಕವಣೆ ಹಿಡಿದು ಮರದ ತುದಿ ನೋಡುತ್ತಿದ್ದಾರೆ. ಕವಣೆಯ ಕಲ್ಲು ಎಷ್ಟು ದೂರ ಹೋಗುತ್ತದೆಂಬುದು ಮಂಗಕ್ಕೆ ಚೆನ್ನಾಗಿ ತಿಳಿದಿದೆ.

2019ರ ಕೊನೆಯಲ್ಲಿ ಶಿವಮೊಗ್ಗ ಜಿಲ್ಲೆಯ ಕೃಷಿಕರೊಬ್ಬರು ತಮ್ಮ ನಾಯಿಯ ಮೈಗೆ ಹುಲಿಯ ಪಟ್ಟೆಗಳನ್ನು ಬಳಿದು ತೋಟಕ್ಕೆ ಬಿಟ್ಟ ಸುದ್ದಿ ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂದಿತು. ಮೊದಲು ಅವರು ಹುಲಿಯ ಗೊಂಬೆಗಳನ್ನು ಇಟ್ಟು ನೋಡಿದ್ದರು. ಬಿಸಿಲಿಗೆ ಗೊಂಬೆಗಳ ಬಣ್ಣ ಮಾಸಿತು. ಬಳಿಕ ತಲೆಗೂದಲಿಗೆ ಹಚ್ಚುವ ಬಣ್ಣ ನಾಯಿಯ ಬೆನ್ನೇರಿತು. ಹಬ್ಬಗಳಲ್ಲಿ ಮನುಷ್ಯ ಹಾಕುತ್ತಿದ್ದ ಹುಲಿವೇಷವನ್ನು ನಾಯಿ ಹಾಕಬೇಕಾಯಿತು. ಓದಿದವರೆಲ್ಲ ನಕ್ಕರು. ನಕ್ಕವರಲ್ಲಿ ಹೆಚ್ಚಿನವರಿಗೆ ತೋಟವಿರಲಿಲ್ಲ.

ಮತ್ತೊಂದು ಉಪಾಯ ಇದಕ್ಕಿಂತ ಹಳೆಯದು. ಊರಿನ ಮಂಗಗಳನ್ನು ಬೋನಿನಲ್ಲಿ ಹಿಡಿದು, ಕತ್ತಲಾದ ಮೇಲೆ ವಾಹನದಲ್ಲಿ ತುಂಬಿ, ಘಾಟಿಯಲ್ಲೋ ಪಕ್ಕದ ತಾಲ್ಲೂಕಿನಲ್ಲೋ ಬಿಟ್ಟುಬರುವುದು. ಆ ತಾಲ್ಲೂಕಿನವರಿಗೂ ವಾಹನಗಳಿವೆಯೆಂಬುದು ಆ ಗಳಿಗೆಯಲ್ಲಿ ನೆನಪಾಗುವುದಿಲ್ಲ. ಹೀಗೆ ಕೆಲವು ಮಂಗಗಳು ಮನುಷ್ಯನ ಖರ್ಚಿನಲ್ಲಿ ಮಲೆನಾಡಿನ ಪ್ರವಾಸ ಮಾಡುತ್ತಿವೆ. ಕೆಂಪು ಮೋರೆಯ ಈ ಮಂಗಗಳ ಹಿಂಡಿನಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಬಾಳುತ್ತವೆ; ಬೆಳೆದ ಗಂಡುಗಳು ಬೇರೆ ಗುಂಪನ್ನು ಹುಡುಕಿ ಹೊರಡುತ್ತವೆ. ಸಿಕ್ಕಷ್ಟನ್ನು ಹಿಡಿದು ಒಯ್ದಾಗ ಈ ಸಂಸಾರ ಒಡೆಯುತ್ತದೆ. ತೆರವಾದ ಜಾಗಕ್ಕೆ ನೆರೆಯ ಹಿಂಡು ಬರುತ್ತದೆ. ಘಾಟಿಯಲ್ಲಿ ಇಳಿದವು ಅನ್ನದ ರುಚಿ ಕಂಡವಾದುದರಿಂದ ಹತ್ತಿರದ ಹೊಗೆ ಕಂಡ ಕಡೆಗೆ ನಡೆಯುತ್ತವೆ.

2020ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗಗಳ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಶರಾವತಿ ಹಿನ್ನೀರಿನ ಪ್ರದೇಶದ ಹೆಸರು ಕೇಳಿಬಂದಿತು. ಪಾರ್ಕ್ ಎಲ್ಲರಿಗೂ ಬೇಕು. ತಮ್ಮ ಊರಿನ ಬಳಿ ಯಾರಿಗೂ ಬೇಡ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಆಣೆಕಟ್ಟೆಗಾಗಿ ಮನೆಮಠ ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಭೂಮಿಯ ಹಕ್ಕಿಗಾಗಿ ಅರ್ಜಿ ಹಿಡಿದು ಅಲೆಯುತ್ತಿರುವಾಗ, ಅದೇ ಹಿನ್ನೀರಿನಲ್ಲಿ ಮಂಗಗಳ ಪುನರ್ವಸತಿಯ ಮಾತು ನಡೆಯಿತು. ಮಂಗಗಳು ಅರ್ಜಿಯನ್ನೂ ಕೊಟ್ಟಿರಲಿಲ್ಲ.

ಮೇಕೆಯ ಬಾಯಿಗೆ ಒರೆಸುವ ಕಲೆಗೆ ಮಲೆನಾಡಿನಲ್ಲಿಯೇ ಇನ್ನೊಂದು ನಿದರ್ಶನವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಜನರೂ ಜ್ವರದಿಂದ ಮಲಗಿದರು. ರೋಗಾಣುವನ್ನು ದಾಟಿಸುವುದು ಉಣುಗು. ಮಂಗವೂ ಮನುಷ್ಯನಂತೆ ಆ ರೋಗಕ್ಕೆ ಬಲಿಯಾಗುವ ಜೀವಿ. ಅದರ ಹೆಣ ಊರಿಗೆ ಬರುವ ಮೊದಲ ಎಚ್ಚರಿಕೆ. ಆದರೂ ಜನರ ಬಾಯಲ್ಲಿ ಅದು 'ಮಂಗನ ಕಾಯಿಲೆ'ಯೆಂದೇ ಉಳಿಯಿತು. ಸತ್ತವನ ಹೆಸರಿನಲ್ಲಿಯೇ ಅಪರಾಧ ದಾಖಲಾದಂತಾಯಿತು.

ಹಾಗಾದರೆ ಮೊಸರನ್ನ ಎಲ್ಲಿ ಹೋಯಿತು? ನೇರಳೆ, ಹೆಬ್ಬಲಸು, ಮುರುಗಲು, ಉಪ್ಪಾಗೆ, ಅತ್ತಿ, ಬಸರಿ, ಕಾಡುಮಾವು ಇವೆಲ್ಲ ಒಂದಾದ ಮೇಲೊಂದರಂತೆ ಹಣ್ಣು ಬಿಡುತ್ತಿದ್ದ ಕಾಡು ಮಂಗಗಳ ಉಗ್ರಾಣವಾಗಿತ್ತು. ಭದ್ರಾವತಿಯ ಕಾಗದ ಕಾರ್ಖಾನೆಗಾಗಿ 1980ರಲ್ಲಿ 40 ವರ್ಷಗಳ ಅವಧಿಗೆ ಕೊಟ್ಟ ಅರಣ್ಯಭೂಮಿಯಲ್ಲಿ ಅಕೇಶಿಯಾ, ನೀಲಗಿರಿಗಳ ಸಾಲು ಎದ್ದಿತು. ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಒಣ ಕೋಡು ಬಿಡುತ್ತದೆಯೇ ಹೊರತು ಮಂಗದ ಹೊಟ್ಟೆ ತುಂಬಿಸುವ ಹಣ್ಣನ್ನಲ್ಲ. 2020ರಲ್ಲಿ ಅವಧಿ ಮುಗಿಯುವ ಮೊದಲೇ ಕಾರ್ಖಾನೆ ನಿಂತಿತ್ತು. ಆದರೂ ಇನ್ನೂ 40 ವರ್ಷ ಭೂಮಿ ಕೊಡಲು ಸರ್ಕಾರ ಮುಂದಾದಾಗ ಮಲೆನಾಡಿನ ಜನ ಪ್ರತಿಭಟಿಸಬೇಕಾಯಿತು. ಸರ್ಕಾರವೊಂದೇ ತಿಂದಿತೆನ್ನುವುದೂ ನ್ಯಾಯವಲ್ಲ. ಅಡಿಕೆಯ ಧಾರಣೆ ಏರಿದಂತೆ ಗದ್ದೆ, ಹಾಡಿ, ಬೆಟ್ಟದ ಅಂಚುಗಳೆಲ್ಲ ತೋಟವಾದವು. ಕಾನು ಸವರಿ ಅಡಿಕೆ ನೆಟ್ಟವನು 'ಮಂಗ ತೋಟಕ್ಕೆ ಬಂತು' ಎನ್ನುತ್ತಾನೆ. ಮಂಗ ಇದ್ದಲ್ಲಿಯೇ ಇದೆ. ತೋಟ ಅದರ ಬಳಿಗೆ ಹೋಯಿತು. ಇನ್ನು ಘಾಟಿಯಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು ಎಸೆದು ಪುಣ್ಯ ಸಂಪಾದಿಸುವವರಿದ್ದಾರೆ. ಪುಣ್ಯ ಅವರ ಜೊತೆ ಪೇಟೆಗೆ ಹೋಗುತ್ತದೆ, ಮಂಗ ಮಾತ್ರ ಹಳ್ಳಿಯ ಅಡುಗೆಮನೆಗೆ ಬರುತ್ತದೆ.

ಮಂಗಕ್ಕೆ ಕೆನ್ನೆಯಲ್ಲೊಂದು ಚೀಲವಿದೆ. ಸಿಕ್ಕುದನ್ನು ಅವಸರದಲ್ಲಿ ಅದರೊಳಗೆ ತುಂಬಿಕೊಂಡು, ದೂರದಲ್ಲಿ ಕುಳಿತು ತಿಂದು, ಬೀಜವನ್ನು ಅಲ್ಲಿಯೇ ಉಗಿಯುತ್ತದೆ. ಹಾಗೆ ಉಗಿದ ಬೀಜಗಳಿಂದ ಎಷ್ಟೋ ಕಾಡುಮರಗಳು ಹುಟ್ಟಿವೆ. ಚೀಲ ತುಂಬಿದ ಮೇಲೆ ಮಂಗ ನಿಲ್ಲಿಸುತ್ತದೆ. ಮನುಷ್ಯನ ಚೀಲಕ್ಕೆ ತಳವಿಲ್ಲ. ಅವನು ತಿಂದುಳಿಸಿದುದರಿಂದ ಮರ ಹುಟ್ಟಿದ್ದನ್ನೂ ಕಂಡವರು ಕಡಿಮೆ.

ಕೃಷಿಕನಿಗಾದ ನಷ್ಟಕ್ಕೆ ತಕ್ಕ ಪರಿಹಾರ ಸಿಗಲೇಬೇಕು, ಅದು ಭಿಕ್ಷೆಯಲ್ಲ. ನಗರಕ್ಕೆ ನೀರು, ಗಾಳಿ, ವಿದ್ಯುತ್ತು ಕೊಡುವ ಬೆಟ್ಟವನ್ನು ಕಾಯುತ್ತಿರುವವನು ಅವನೇ. ಪರಿಹಾರದ ಹಣ ಮುಂದಿನ ವರ್ಷದ ಹಿಂಡನ್ನು ತಡೆಯುವುದಿಲ್ಲವೆಂಬುದೂ ಅಷ್ಟೇ ನಿಜ. ಕಾಡಿನ ಹಣ್ಣು ಕಾಡಿಗೆ ಮರಳಬೇಕು. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಪ್ಪಿಕೊಳ್ಳಲು ಆಗ ಮರಗಳಿದ್ದವು. ಈಗ ಮೊದಲು ನೆಡಬೇಕಾಗಿದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ 2002ರ ಕಾಯಿದೆಯಂತೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಕಾಗದದಿಂದ ಎದ್ದು ಬೆಟ್ಟಕ್ಕೆ ಬರಲಿ. ಅಕೇಶಿಯಾ ಕಡಿದ ಜಾಗದಲ್ಲಿ ಮತ್ತೆ ಅಕೇಶಿಯಾ ಬೇಡವೆಂದು ಗ್ರಾಮಸಭೆಗಳು ಠರಾವು ಮಾಡಲಿ. ಶಾಲೆಯ ಮಕ್ಕಳು ಈ ಬೇಸಿಗೆಯಲ್ಲಿ ನೇರಳೆ, ಹೆಬ್ಬಲಸುಗಳ ಬೀಜ ಕೂಡಿಸಿ ಸಸಿ ಮಾಡಲಿ. ಮಳೆ ಹಿಡಿದೊಡನೆ ಅವು ನೆಲ ಸೇರಲಿ.

ಸಸಿ ಫಲ ಬಿಡಲು ವರ್ಷಗಳು ಬೇಕು. ಅಲ್ಲಿಯವರೆಗೆ ತೋಟಕ್ಕೆ ಕಾವಲು ಬೇಕು, ಅದೂ ಒಬ್ಬಂಟಿ ಮುದುಕರಿಂದಲ್ಲ, ಕೇರಿಯವರು ಸರದಿಯಲ್ಲಿ ನಿಂತು. ನಾಯಿಗೆ ಬಳಿದ ಪಟ್ಟೆ ಒಂದೆರಡು ತಿಂಗಳಲ್ಲಿ ಅಳಿಸಿಹೋಗುತ್ತದೆ.