ಹೊರಗಿನ ಚಿಲಕ

ದಸರೆ ರಜೆಗೆ ದೇಶನೂರಿಗೆ ಹೋಗಿದ್ದೆ. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅಕ್ಕನ ಮಗಳು ಎದುರು ಬಂದಳು. ನನ್ನ ಕೈಲಿದ್ದ ಬ್ಯಾಗ್ ತಗೊಳ್ಳೋದು ಬಿಟ್ಟು ಮೊಬೈಲ್ ಮುಂದೆ ಹಿಡಿದಳು.

“ಮಾಮ, ಮೊದ್ಲು ಇದನ್ನ ನೋಡು. ಆಮ್ಯಾಲೆ ಕೈಕಾಲು ತೊಳ್ಕೊಳ್ಳುವಂತಿ.”

ಇವಳು ನಮ್ಮವ್ವನ ಜೊತೆಗಿದ್ದು ಸಿರುಗುಪ್ಪದಲ್ಲಿ ಬಿ.ಎ. ಓದುತ್ತಾಳೆ. ಕಾಲೇಜಿನಲ್ಲಿ ಒಂದು ಸ್ಪರ್ಧೆ ಇಟ್ಟಿದ್ದಾರೆ. ಸೈಕಲಾಜಿಕಲ್ ಥ್ರಿಲ್ಲರ್ ಸಿನಿಮಾ ಒಂದರ ಆರಂಭದ ದೃಶ್ಯ ಮಾಡಬೇಕು. ಎರಡು ನಿಮಿಷ ಮೀರಬಾರದು. ಪೂರ್ತಿ ಸಿನಿಮಾ ಬೇಕಿಲ್ಲ, ಶುರುವಷ್ಟೇ. ಇವಳು ಮತ್ತು ಮೂವರು ಗೆಳೆಯರು ಸೇರಿ ಮೊಬೈಲಿನಲ್ಲೇ ಶೂಟ್ ಮಾಡಿ, ಮೊಬೈಲಿನಲ್ಲೇ ಎಡಿಟ್ ಮಾಡಿದ್ದರು. ನಾನು ಬೆಂಗಳೂರಿನಲ್ಲಿ ಜಾಹೀರಾತಿನ ವಿಡಿಯೊಗಳನ್ನು ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಅವರ ಪಾಲಿಗೆ ದೊಡ್ಡ ಟೆಕ್ನಿಷಿಯನ್!

ಜಗಲಿ ಮೇಲೆ ಕೂತು ನೋಡಿದೆ. ಒಂದು ನಿಮಿಷ ಐವತ್ತು ಸೆಕೆಂಡು. ಮೊದಲು ಕತ್ತಲೆ, ಡೌನ್‌ಲೋಡ್ ಮಾಡಿದ ಗುಡುಗು. ಹಳೇ ಬಾಗಿಲು. ಹೊರಗಿನಿಂದ ಹಾಕಿದ ಚಿಲಕ ಗಡಗಡ ಅಲುಗುತ್ತದೆ. ಒಳಗಿನಿಂದ ಹೆಂಗಸಿನ ನಗು. ಕೆದರಿದ ಕೂದಲು, ಈಳಿಗೆಮಣೆ, ದೊಡ್ಡದಾಗಿ ತೆರೆದ ಕಣ್ಣು, ಒಡೆದ ಬಳೆ, ಮತ್ತೆ ನಗು. ಕೊನೆಗೆ ಕೆಂಪಕ್ಷರದಲ್ಲಿ ಹೆಸರು: ‘ಹಿಂದಿನ ಕೋಣೆ’. ಲೆಕ್ಕ ಹಾಕಿದೆ, 41 ಶಾಟ್.

ನಿಜ ಹೇಳಬೇಕೆಂದರೆ ಕೆಲಸ ಕೆಟ್ಟದಾಗಿರಲಿಲ್ಲ. ಅದರಲ್ಲೂ ಆ ಚಿಲಕದ ಶಾಟ್ ಬಹಳ ಚೆನ್ನಾಗಿತ್ತು. ಆದರೆ ಅದು ನಮ್ಮ ಮನೆಯ ಹಿಂದಿನ ಕೋಣೆ, ಆ ಬಾಗಿಲಿಗೆ ಹೊರಗೆ ಚಿಲಕವೇ ಇಲ್ಲ.

“ಈ ಚಿಲಕ ಎಲ್ಲಿಂದ ಬಂತು?”

“ಸಿರುಗುಪ್ಪದಾಗ ಹಾರ್ಡ್‌ವೇರ್ ಅಂಗಡ್ಯಾಗ ತಂದ್ವಿ ಮಾಮ. ಬಾಗಿಲಿಗೆ ತೂತು ಮೊದ್ಲೇ ಇದ್ವು. ಸ್ಕ್ರೂ ಹಾಕೋದು ಸಲೀಸಾತು.”

ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ಅವ್ವ. ಯಾವಾಗಿಂದ ನೋಡುತ್ತಿದ್ದಳೋ. ಏನೂ ಅನ್ನದೆ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿ ಕೇಳಿಸಿತು.

ಆ ತೂತುಗಳು ಯಾಕಿವೆ ಅಂತ ನನಗೆ ಗೊತ್ತಿತ್ತು. ಈ ಹುಡುಗಿಗೆ ನಾವ್ಯಾರೂ ಹೇಳಿರಲಿಲ್ಲ.

ಆ ರಾತ್ರಿ ನಾನೂ ಹೇಳಲಿಲ್ಲ. ಗೆಳೆಯರೂ ಬಂದರು, ಅಂಗಳದಲ್ಲಿ ಚಾಪೆ ಹಾಸಿ ಕೂತೆವು. ನಾನು ಸುಲಭದ ದಾರಿ ಹಿಡಿದೆ, ಟೆಕ್ನಿಕ್ ಮಾತಾಡಿದೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ತಾನೇ ಬೆಳಕು ಹೆಚ್ಚು ಕಮ್ಮಿ ಮಾಡಿಕೊಳ್ಳುತ್ತದೆ, ಅದಕ್ಕೇ ನಿಮ್ಮ ಗೋಡೆ ಮಿಣುಕುತ್ತಿದೆ. ಪರದೆ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ ಅಂದೆ. ಮುಂದಿನ ಶಾಟಿನ ಸದ್ದನ್ನು ಒಂದೆರಡು ಸೆಕೆಂಡು ಮೊದಲೇ ಕೇಳಿಸಿದರೆ ನೋಡುವವನು ತಾನಾಗಿಯೇ ಮುಂದಕ್ಕೆ ಬಾಗುತ್ತಾನೆ ಅಂದೆ. ಡೌನ್‌ಲೋಡ್ ಗುಡುಗು ಬಿಟ್ಟುಬಿಡಿ, ಆ ಗುಡುಗನ್ನು ಎಲ್ಲರೂ ನೂರು ರೀಲ್ಸ್‌ನಲ್ಲಿ ಕೇಳಿದ್ದಾರೆ ಅಂದೆ.

ಹಿಚ್‌ಕಾಕ್‌ನ ‘ಸೈಕೋ’ (1960) ತೋರಿಸಿದೆ. ಸಾಲ್ ಬಾಸ್ ಮಾಡಿದ ಟೈಟಲ್‌ನಲ್ಲಿ ರಕ್ತ ಇಲ್ಲ, ಚಾಕು ಇಲ್ಲ. ಬರೀ ಗೆರೆಗಳು ಅಡ್ಡ ಉದ್ದ ಓಡಿ ಅಕ್ಷರಗಳನ್ನು ಸೀಳುತ್ತವೆ. ಬರ್ನಾರ್ಡ್ ಹರ್ಮನ್‌ನ ಸಂಗೀತದಲ್ಲಿ ಇರುವುದು ತಂತಿವಾದ್ಯ ಮಾತ್ರ. ಆಮೇಲೆ ‘ಸೆವೆನ್’ (1995). ಕೈಲ್ ಕೂಪರ್ ಮಾಡಿದ ಆ ಟೈಟಲ್‌ನಲ್ಲಿ ಕೊಲೆಗಾರನ ಮುಖ ಕಾಣುವುದಿಲ್ಲ. ಕಾಣುವುದು ಬೆರಳು, ಬ್ಲೇಡು, ಹೊಲಿದ ನೋಟ್‌ಬುಕ್ಕು.

ಹುಡುಗರಲ್ಲಿ ಒಬ್ಬ ಕೇಳಿದ: “ಸರ್, ನಮ್ದೂ ಎಲ್ಲಾ ಸರಿ ಐತಿ. ಆದ್ರ ಹೆದರಿಕಿ ಯಾಕ ಬರವಲ್ದು?”

ಉತ್ತರ ಹೇಳಲು ಕುಲೆಶೋವ್ ಪ್ರಯೋಗದ ಕತೆ ತೆಗೆದೆ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಭಾವವಿಲ್ಲದ ಮುಖವನ್ನು ತೆಗೆದುಕೊಂಡ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಮಗು, ಒಮ್ಮೆ ಒಬ್ಬ ಹೆಣ್ಣಿನ ಚಿತ್ರ ಜೋಡಿಸಿದ. ನೋಡಿದವರು ಆ ಮುಖದಲ್ಲಿ ಹಸಿವು ಕಂಡರು, ದುಃಖ ಕಂಡರು, ಆಸೆ ಕಂಡರು. ಮುಖ ಮಾತ್ರ ಮೂರೂ ಸಲ ಅದೇ.

“ಅಂದ್ರ, ನಾವು ಪಕ್ಕಕ್ಕ ಏನಿಡ್ತೀವೋ ಅದೇ ಆಕಿ ಆಗ್ತಾಳ,” ಅಂದಳು ಅಕ್ಕನ ಮಗಳು.

“ಹೌದು. ನೀವು ಆಕೆಯ ಕಣ್ಣಿನ ಪಕ್ಕ ಈಳಿಗೆ ಇಟ್ಟಿದ್ದೀರಿ.”

“ಆಕಿ ಹುಚ್ಚಿ ಅಲ್ಲೇನು ಮಾಮ? ಮತ್ತೇನು ಇಡಬೇಕು?”

ಅಲ್ಲಿಂದಾಚೆ ಟೆಕ್ನಿಕ್ ಹಿಂದೆ ಅಡಗಿ ಕೂರುವುದು ಸಾಧ್ಯವಾಗಲಿಲ್ಲ. ಹೇಳಿದೆ.

ಇದು ನಮ್ಮವ್ವನ ತವರುಮನೆ. ಆ ಹಿಂದಿನ ಕೋಣೆಯಲ್ಲಿ ಇದ್ದವಳು ಅವ್ವನ ಅಕ್ಕ, ನನಗೆ ದೊಡ್ಡಮ್ಮ, ಈ ಹುಡುಗಿಗೆ ದೊಡ್ಡಜ್ಜಿ. ಇಪ್ಪತ್ತು ದಾಟಿದ ಮೇಲೆ ಅವಳಿಗೆ ಕಾಯಿಲೆ ಶುರುವಾಯಿತು. ಇಲ್ಲದ ದನಿ ಕೇಳೋದು, ರಾತ್ರಿ ಎದ್ದು ಕಾಲುವೆ ಕಡೆ ನಡೆಯೋದು. ಮನೆಯವರು ದೇವರಿಗೆ ಹರಕೆ ಹೊತ್ತರು, ತಾಯಿತ ಕಟ್ಟಿಸಿದರು. ಕೊನೆಗೆ ಅಜ್ಜ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದ. ನಾಲ್ಕು ವರ್ಷ.

ಮುಂದಿನದು ನಮ್ಮ ಜಿಲ್ಲೆಯ ಎಷ್ಟೋ ಜನಕ್ಕೆ ಗೊತ್ತಿಲ್ಲದ ಸಂಗತಿ. 1980ರ ದಶಕದ ನಡುವೆ ಬೆಂಗಳೂರಿನ ನಿಮ್ಹಾನ್ಸ್ ಒಂದು ಪ್ರಯೋಗಕ್ಕೆ ಬಳ್ಳಾರಿ ಜಿಲ್ಲೆಯನ್ನೇ ಆರಿಸಿಕೊಂಡಿತು. ಮಾನಸಿಕ ಕಾಯಿಲೆಗೆ ದೂರದ ದೊಡ್ಡಾಸ್ಪತ್ರೆಗೇ ಹೋಗಬೇಕು ಅಂತಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಮತ್ತು ಊರೂರು ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಅಲ್ಲೇ ಗುರುತಿಸಿ ಅಲ್ಲೇ ಮಾತ್ರೆ ಕೊಡಬಹುದು ಅನ್ನೋದು ಅದರ ತಿರುಳು. ಅದು ನಡೆಯಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ ಅದಕ್ಕೆ ಮಾದರಿ ಇದೇ. ಇವತ್ತಿಗೂ ಅದನ್ನು ‘ಬಳ್ಳಾರಿ ಮಾದರಿ’ ಅಂತಲೇ ಕರೆಯುತ್ತಾರೆ. ಈಗ ಫೋನಿನಲ್ಲೇ 14416 ಒತ್ತಿದರೆ ಟೆಲಿ ಮಾನಸ್ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆವಾಗ ಇದ್ದದ್ದು ಮನೆ ಬಾಗಿಲಿಗೆ ಬಂದ ಒಬ್ಬ ಆರೋಗ್ಯ ಕಾರ್ಯಕರ್ತೆ.

ಆಕೆ ಬಂದದ್ದು ನಮ್ಮ ಮನೆಗೂ. ಮಾತ್ರೆ ಶುರುವಾಯಿತು. ದೊಡ್ಡಮ್ಮ ಪೂರ್ತಿ ಮೊದಲಿನಂತಾದಳು ಅಂತ ಹೇಳಲಾರೆ. ಕೈ ಸ್ವಲ್ಪ ನಡುಗುತ್ತಿತ್ತು, ಮಾತು ಕಡಿಮೆ. ಆದರೆ ಅಜ್ಜ ಚಿಲಕ ಕೀಳಿಸಿದ. ನಾನು ಕಂಡ ದೊಡ್ಡಮ್ಮ ಬಾಗಿಲು ತೆಗೆದಿಟ್ಟುಕೊಂಡು ಹಳೇ ಸೀರೆಗಳಲ್ಲಿ ಕೌದಿ ಹೊಲಿಯುತ್ತಿದ್ದವಳು. ನಾನು ಹೊದ್ದು ಮಲಗಿದ ಕೌದಿ ಅವಳದೇ. ಹುಡುಗರು ಕೂತಿದ್ದ ಚಾಪೆಯ ಪಕ್ಕ ಮಡಚಿಟ್ಟಿದ್ದೂ ಅವಳದೇ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಕ್ಕನ ಮಗಳು ಮೊಬೈಲ್ ಬೋರಲು ಹಾಕಿದಳು.

“ಡಿಲೀಟ್ ಮಾಡ್ಬಿಡ್ತೀನಿ ಮಾಮ.”

ಬೇಡ ಅಂದೆ. ಅವರಿಗೆ ‘ಶರಪಂಜರ’ದ ಬಗ್ಗೆ ಹೇಳಿದೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಬರೆದ ಕಾದಂಬರಿ, 1971ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಕಲ್ಪನಾ ಮಾಡಿದ ಕಾವೇರಿಯ ಪಾತ್ರಕ್ಕೆ ನಾವು ಹೆದರುವುದಿಲ್ಲ. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವಳನ್ನು ಗಂಡ, ನೆಂಟರು, ನೆರೆಯವರು ನೋಡುವ ನೋಟ ಇದೆಯಲ್ಲ, ಅದಕ್ಕೆ ಹೆದರುತ್ತೇವೆ. ಕನ್ನಡದಲ್ಲಿ ಮನಸ್ಸಿನ ಕತೆಗೆ ಕ್ಯಾಮೆರಾ ಎಲ್ಲಿಡಬೇಕು ಅಂತ ಪುಟ್ಟಣ್ಣ ಅರ್ಧ ಶತಮಾನದ ಹಿಂದೆಯೇ ತೋರಿಸಿದ್ದರು. ನಾವು ಅದನ್ನು ಮತ್ತೆ ಬಾಗಿಲ ಹೊರಗೆ ತಂದಿಟ್ಟಿದ್ದೇವೆ.

“ಹಂಗಂದ್ರ ಕ್ಯಾಮೆರಾ ಒಳಗ ಇಡಬೇಕು,” ಅಂದ ಇನ್ನೊಬ್ಬ ಹುಡುಗ. ಸಕ್ಕರೆ ಕಾರ್ಖಾನೆಯ ಕಡೆಯಿಂದ ಲಾರಿಯ ಹಾರ್ನ್ ಕೇಳಿಸಿತು. ಅವನು ತಟ್ಟನೆ ತಲೆ ಎತ್ತಿದ. “ಇಂಥ ಸದ್ದು ಎಲ್ಲಾ ಒಳಗ ಕುಂತಾಕಿಗೆ ಕೇಳ್ತಿರ್ತಾವ!”

ಮರುದಿನ ಬೆಳಗ್ಗೆ ಕೆಲಸ ಶುರು. ನಗು ಹೋಯಿತು, ಈಳಿಗೆ ಹೋಯಿತು, ಕೆದರಿದ ಕೂದಲು ಹೋಯಿತು. ಕ್ಯಾಮೆರಾ ಒಳಗೆ, ನೆಲದ ಎತ್ತರಕ್ಕೆ. ಬಾಗಿಲ ಸಂದಿಯಿಂದ ಬೀಳುವ ಬೆಳಕಿನ ಗೆರೆ. ಅದರಲ್ಲಿ ಸೂಜಿಗೆ ದಾರ ಪೋಣಿಸುವ ಕೈ. ಗೆರೆಯನ್ನು ಯಾರದೋ ನೆರಳು ದಾಟುತ್ತದೆ. ಕೈ ನಿಲ್ಲುತ್ತದೆ. ಚಿತ್ರಕ್ಕಿಂತ ಸದ್ದು ಕಷ್ಟವಾಯಿತು. ಒಳಗೆ ಕೂತವಳಿಗೆ ಏನು ಕೇಳಿಸುತ್ತದೆ? ಪಂಪ್‌ಸೆಟ್ಟು, ಟ್ರ್ಯಾಕ್ಟರು, ಕೋಳಿ, ಎಲ್ಲಾ ರೆಕಾರ್ಡ್ ಮಾಡಿದರು. ಯಾವುದೂ ಮೈ ಜುಮ್ಮೆನಿಸಲಿಲ್ಲ.

ಅಕ್ಕನ ಮಗಳು ನೆಟ್ಟಗೆ ಅಡುಗೆಮನೆಗೆ ಹೋದಳು. ನನಗೆ ತಡೆಯುವ ಧೈರ್ಯ ಆಗಲಿಲ್ಲ.

“ಅಜ್ಜಿ, ದೊಡ್ಡಜ್ಜಿಗೆ ಒಳಗ ಕುಂತ್ರ ಏನು ಕೇಳ್ತಿತ್ತು?”

ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿ ಆಮೇಲೆ ಹೇಳಿದಳು.

“ಒಂದ್ಸಲ ಅಕ್ಕನೇ ಹೇಳಿದ್ಳು, ಗುಣ ಆದ ಮ್ಯಾಲೆ. ಚಿಲಕದ ಸದ್ದಿಗೆ ಅಷ್ಟು ಹೆದರಿಕಿ ಆಗ್ತಿರಲಿಲ್ಲಂತ. ಚಿಲಕ ಹಾಕಿ ಹೋದ ಮ್ಯಾಲೆ ನಾವೆಲ್ಲಾ ಏನೂ ಆಗೇ ಇಲ್ಲ ಅನ್ನೋರಂಗ ಮಾತಾಡ್ಕೊಂತ ಊಟಕ್ಕ ಕುಂಡ್ರತಿದ್ವಲ್ಲ, ಅದು ಕೇಳ್ತಿತ್ತಂತ. ತಾಟು ಇಡೋದು, ಇನ್ನೊಂದು ರೊಟ್ಟಿ ಹಾಕ್ಲೇನು ಅನ್ನೋದು, ನಗೋದು. ಅದಕ್ಕ ಹೆದರಿಕಿ ಆಗ್ತಿತ್ತಂತ.”

ಸ್ವಲ್ಪ ತಡೆದು ಅಂದಳು: “ಎಷ್ಟೋ ದಿನ ಆ ಚಿಲಕ ಹಾಕಿ ಬರಾಕಿ ನಾನೇ.”

ಮೂವತ್ಮೂರು ವರ್ಷಗಳಲ್ಲಿ ಅವ್ವನ ಬಾಯಲ್ಲಿ ನಾನು ಈ ಮಾತು ಕೇಳಿರಲಿಲ್ಲ. ಕೇಳಿಯೂ ಇರಲಿಲ್ಲ ಅನ್ನಿ. ಕೇಳಿದವಳು ಹತ್ತೊಂಬತ್ತರ ಹುಡುಗಿ.

ಹುಡುಗರಿಗೆ ತಮ್ಮ ಸದ್ದು ಸಿಕ್ಕಿತು. ಅವರೇ ತಾಟು ಹಾಕಿಕೊಂಡು ಪಡಸಾಲೆಯಲ್ಲಿ ಊಟಕ್ಕೆ ಕೂತರು, ಒಂದು ಮೊಬೈಲ್ ಹಿಂದಿನ ಕೋಣೆಯೊಳಗೆ ರೆಕಾರ್ಡ್ ಆಗುತ್ತಿತ್ತು. ಬಾಗಿಲ ಆಚೆಯಿಂದ ಬರುವ ಮಾತು ಅರ್ಧ ಕೇಳಿಸಬೇಕು, ಅರ್ಧ ಕೇಳಿಸಬಾರದು. ‘ಇನ್ನೊಂದು ರೊಟ್ಟಿ ಹಾಕ್ಲೇನು’ ಅನ್ನುವ ಮಾತನ್ನು ಅಕ್ಕನ ಮಗಳು ಹೇಳಿದಳು. ನಾಟಕದಂತಾಯಿತು. ಎರಡನೇ ಸಲವೂ ಹಾಗೇ. ಮೂರನೇ ಸಲ ಅವ್ವ ರೊಟ್ಟಿ ಬುಟ್ಟಿ ಹಿಡಿದುಕೊಂಡು ಹೊರಗೆ ಬಂದಳು. “ಸರೀರಿ, ನಾನು ಅಂತೀನಿ.”

ಅಂದಳು. ಒಂದೇ ಟೇಕ್.

ಹೊಸ ಎಡಿಟ್‌ನಲ್ಲಿ 13 ಶಾಟ್ ಇವೆ. ನಾನು ಕೈ ಹಾಕಿದ್ದು ಎರಡೇ ಕಡೆ. ಕೊನೆಯ ಶಾಟನ್ನು ಇನ್ನೂ ನಾಲ್ಕು ಸೆಕೆಂಡು ಬೆಳೆಸಿದೆ, ಅವರು ಹಾಕಿದ್ದ ಸಂಗೀತ ತೆಗೆಸಿದೆ. ಚಿಲಕ ಬಿದ್ದ ಸದ್ದು, ದೂರ ಹೋಗುವ ಹೆಜ್ಜೆ, ತಾಟು, ಮಾತು, ಅವ್ವನ ದನಿ, ಯಾರೋ ನಕ್ಕದ್ದು. ಸೂಜಿ ಹಿಡಿದ ಕೈ ಮತ್ತೆ ಹೊಲಿಯತೊಡಗುತ್ತದೆ. ಕತ್ತಲೆ. ಹೆಸರು ಅದೇ, ‘ಹಿಂದಿನ ಕೋಣೆ’, ಬಿಳಿ ಅಕ್ಷರದಲ್ಲಿ. ದಿನವೂ ವಿಡಿಯೊ ಕತ್ತರಿಸಿ ಮರಗಟ್ಟಿದ ಮನುಷ್ಯ ನಾನು, ನನಗೂ ಬೆನ್ನು ತಣ್ಣಗಾಯಿತು. ಒಳಗಿರುವವಳ ಬಗ್ಗೆ ಅಲ್ಲ, ಆ ಊಟದ ಪಂಕ್ತಿಯಲ್ಲಿ ನಾನೂ ಇದ್ದೆನೇನೋ ಅನ್ನಿಸಿ.

ಸ್ಪರ್ಧೆ ಮುಂದಿನ ತಿಂಗಳು. ಒಬ್ಬ ಹುಡುಗನಿಗೆ ಅನುಮಾನ ಇದ್ದೇ ಇದೆ, “ವಿಲನ್ ಎಲ್ಲಿ ಅಂತ ಕೇಳಿದ್ರ ಏನನ್ನೋಣ?” ಅಂತ. ಕೇಳಲಿ ಬಿಡು ಅಂದಿದ್ದೇನೆ.

ನಾನು ಹೊರಡುವ ದಿನ ಅವ್ವ ಮೊಮ್ಮಗಳಿಗೆ ಅಂದಳು, “ನಿಮ್ಮ ಶೂಟಿಂಗ್ ಮುಗೀತಲ್ಲ, ಅದನ್ನ ತೆಗಿ.” ಅವಳು ಸ್ಕ್ರೂ ಡ್ರೈವರ್ ತಂದು ಕೂತಳು. ನಾಲ್ಕು ಸ್ಕ್ರೂ. ಬಿಚ್ಚಿದ ಚಿಲಕವನ್ನು ಎಲ್ಲಿಡಲಿ ಅಂತ ಸುತ್ತ ನೋಡಿದಳು. ಅವ್ವ ಕೈ ಚಾಚಿ ಇಸಕೊಂಡಳು, ಹೊರಗೆ ಗುಜರಿ ಸಾಮಾನಿನ ಚೀಲಕ್ಕೆ ಹಾಕಿ ಬಂದು ಬಾಗಿಲ ಮುಂದೆ ನಿಂತಳು.

“ಆ ತೂತಿಗೆ ಮೇಣ ತುಂಬ್ಲೇನಜ್ಜಿ?” ಅಂತ ಕೇಳಿದಳು ಹುಡುಗಿ.

“ಬ್ಯಾಡ,” ಅಂದಳು ಅವ್ವ. “ಇರ್ಲಿ.”