ಬಿಚ್ಚಿ ಕೂಡಿಸಬಲ್ಲ ಯಂತ್ರ

2022ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು ವಿದ್ಯುತ್ತಿನಿಂದ ಓಡುವ ಹೊಸದೊಂದು ವ್ಯಾನನ್ನು ಲೋಕದ ಮುಂದಿಟ್ಟಿತು. ಎರಡು ಬಣ್ಣದ ಮೈ, ಮೊಂಡು ಮೂಗು, ಅದರ ನಡುವೆ ದೊಡ್ಡ ಲಾಂಛನ. ನೋಡಿದವರಿಗೆ 1950ರಲ್ಲಿ ಹುಟ್ಟಿದ ಅದೇ ಸಂಸ್ಥೆಯ ಹಳೆಯ ವ್ಯಾನಿನ ನೆನಪಾಯಿತು. ಮೊಮ್ಮಗನ ಮುಖದಲ್ಲಿ ಅಜ್ಜನ ಕಳೆ ಕಂಡರೆ ಸಂತೋಷವೇ. ಆದರೆ ಅಜ್ಜನ ಗುಣವೂ ಬಂದಿದೆಯೆ ಎಂದು ಕೇಳಬೇಕಾಗುತ್ತದೆ. ಆ ಹಳೆಯ ವ್ಯಾನಿನ ದೊಡ್ಡ ಗುಣವೆಂದರೆ ಅದರ ಎಂಜಿನ್ ಕೆಟ್ಟರೆ ಬಿಚ್ಚಬಹುದಾಗಿತ್ತು. ಬಿಚ್ಚಿದ್ದನ್ನು ಮತ್ತೆ ಕೂಡಿಸಿ ಓಡಿಸಬಹುದಾಗಿತ್ತು. ವಸ್ತುವನ್ನು ಕೊಂಡವನಿಗೆ ಅದನ್ನು ರಿಪೇರಿ ಮಾಡಿಕೊಳ್ಳುವ ಹಕ್ಕಿದೆಯೆ ಎಂಬ ಪ್ರಶ್ನೆ ಇಂದು ಹಲವು ದೇಶಗಳ ಶಾಸನಸಭೆಗಳ ಮುಂದೆ ನಿಂತಿರುವಾಗ, ಈ ಮುದಿ ಯಂತ್ರದ ಕಥೆಯನ್ನು ಒಮ್ಮೆ ತಿರುವಿಹಾಕುವುದು ಉಚಿತ.

1947ರ ಏಪ್ರಿಲ್ 23ರಂದು ಬೆನ್ ಪಾನ್ ಎಂಬ ಡಚ್ ವರ್ತಕನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಪೆಟ್ಟಿಗೆಯಂಥ ಗಾಡಿಯ ಗೀಟುಚಿತ್ರವನ್ನು ಬರೆದನು. ಚಾಲಕ ತೀರ ಮುಂದೆ, ಎಂಜಿನ್ ತೀರ ಹಿಂದೆ, ನಡುವೆ ಸರಕು. 1950ರಲ್ಲಿ ಅದು ಕಾರ್ಖಾನೆಯಿಂದ ಹೊರಬಿತ್ತು. 1956ರಿಂದ ಹ್ಯಾನೋವರ್ ನಗರದಲ್ಲಿ ತಯಾರಾಗತೊಡಗಿತು. ಯುದ್ಧದಲ್ಲಿ ಹಾಳಾದ ದೇಶವೊಂದರ ಕಸುಬುದಾರರು, ಅಂಗಡಿಕಾರರು ಅದರಲ್ಲಿ ಸರಕು ಸಾಗಿಸಿದರು. ಮುಂದೆ ಅಮೆರಿಕದ ತರುಣರು ಅದನ್ನು ಮನೆಯನ್ನಾಗಿ ಮಾಡಿಕೊಂಡರು. ಬ್ರೆಜಿಲ್ ದೇಶದಲ್ಲಿ ಗಾಳಿಯಿಂದ ತಣಿಯುವ ಎಂಜಿನ್ 2005ರವರೆಗೂ ಆ ವ್ಯಾನಿನಲ್ಲಿ ಉಳಿಯಿತು. ವ್ಯಾನಿನ ತಯಾರಿಕೆ ನಿಂತದ್ದು 2013ರಲ್ಲಿ.

ಈ ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರಿಲ್ಲ. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿರುತ್ತವೆ. ಒಂದೊಂದು ಸಿಲಿಂಡರೂ ಬೇರೆ ಬೇರೆ. ಅದರ ಮೈಸುತ್ತ ರೆಕ್ಕೆಗಳಂಥ ಅಂಚುಗಳು. ಬೆಲ್ಟಿನಿಂದ ತಿರುಗುವ ಫ್ಯಾನು ಗಾಳಿಯನ್ನು ಆ ಅಂಚುಗಳ ನಡುವೆ ನೂಕುತ್ತದೆ. ಒಳಗೆ ಹರಿಯುವ ಎರಡೂವರೆ ಲೀಟರ್ ಎಣ್ಣೆ ಜಾರಿಕೆಯನ್ನು ಕೊಡುವುದರ ಜೊತೆಗೆ ಶಾಖವನ್ನೂ ಹೊತ್ತೊಯ್ಯುತ್ತದೆ. ಗೇರುಪೆಟ್ಟಿಗೆಗೆ ಬಿಗಿದ ನಾಲ್ಕು ಬೋಲ್ಟುಗಳನ್ನು ಸಡಿಲಿಸಿ, ವೈರು ಕೊಳವೆಗಳನ್ನು ಬಿಡಿಸಿದರೆ ಇಬ್ಬರು ಮನುಷ್ಯರು ಜ್ಯಾಕಿನ ಸಹಾಯದಿಂದ ಎಂಜಿನ್ನನ್ನು ನೆಲಕ್ಕೆ ಇಳಿಸಬಹುದು.

ಇಳಿಸುವುದು ಸುಲಭ, ಮತ್ತೆ ಕೂಡಿಸುವಾಗ ತಾಳ್ಮೆಯ ಪರೀಕ್ಷೆಯಾಗುತ್ತದೆ. ಮೆಗ್ನೀಸಿಯಮ್ ಮಿಶ್ರಲೋಹದ ಹೊರಕವಚ ನಡುವೆ ಸೀಳಿಕೊಂಡು ಎರಡು ಭಾಗವಾಗುತ್ತದೆ. ಹಗುರವಾದ ಆ ಲೋಹ ಶಾಖಕ್ಕೆ ಹಿಗ್ಗುತ್ತ ತಗ್ಗುತ್ತ ಕಾಲಕ್ರಮದಲ್ಲಿ ಬೇರಿಂಗು ಕೂಡುವ ಗುಂಡಿಗಳು ದುಂಡು ಕಳೆದುಕೊಳ್ಳುತ್ತವೆ. ಅವನ್ನು ಒಂದೇ ಸಾಲಿಗೆ ಕೊರೆಸಿ, ದಪ್ಪ ಬೇರಿಂಗು ಹಾಕಬೇಕು. ಸಿಲಿಂಡರಿನ ತಲೆಗಳಲ್ಲಿ ವಾಲ್ವುಗಳು ಕೂಡುವ ಎಡೆಯಲ್ಲಿ ಬಿರುಕು ಬಿಟ್ಟಿದೆಯೆ ಎಂದು ನೋಡಬೇಕು. ಕ್ರ್ಯಾಂಕ್‌ಶಾಫ್ಟು ಹಿಂದೆ ಮುಂದೆ ಸರಿದಾಡುವ ಅವಕಾಶ 0.07ರಿಂದ 0.13 ಮಿಲಿಮೀಟರಿನ ಒಳಗಿರಬೇಕು. ಅದಕ್ಕಾಗಿ ತೆಳುವಾದ ಮೂರು ಬಿಲ್ಲೆಗಳನ್ನು ಅಳೆದಳೆದು ಆರಿಸಬೇಕು. ಇದರಲ್ಲಿ ಅವಸರ ಮಾಡಿದವನು ಇಡೀ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಓಡುವ ಎಂಜಿನ್ನಿನ ಆರೈಕೆಯಲ್ಲಿಯೂ ಒಂದು ವಿಚಿತ್ರ ಪಾಠವುಂಟು. ಎಂಜಿನ್ ಪೂರ್ತಿ ತಣ್ಣಗಿರುವಾಗ ವಾಲ್ವುಗಳ ಸಂದು ಸಾಮಾನ್ಯವಾಗಿ 0.15 ಮಿಲಿಮೀಟರ್ ಇರತಕ್ಕದ್ದು. ಸಂದು ಹೆಚ್ಚಾದ ವಾಲ್ವು ಟಕಟಕನೆ ಸದ್ದು ಮಾಡುತ್ತದೆ. ಒಡೆಯನು ಕೇಳಿ ಎಚ್ಚರಗೊಳ್ಳುತ್ತಾನೆ. ಸಂದು ಕಡಮೆಯಾದ ವಾಲ್ವು ಸದ್ದು ಮಾಡುವುದಿಲ್ಲ. ಅದು ತನ್ನ ಪೀಠದ ಮೇಲೆ ಪೂರ್ತಿ ಕೂರಲಾರದೆ, ಶಾಖವನ್ನು ಬಿಟ್ಟುಕೊಡಲಾರದೆ, ಒಳಗೇ ಸುಟ್ಟು ಕೊನೆಗೆ ತುಂಡಾಗಿ ಬೀಳುತ್ತದೆ. ಹಳೆಯ ಮಾದರಿಗಳಲ್ಲಿ ಎಣ್ಣೆ ತಣಿಸುವ ಅಂಗವು ಗಾಳಿಯ ದಾರಿಗೆ ಅಡ್ಡವಾಗಿದ್ದುದರಿಂದ ಮೂರನೆಯ ಸಿಲಿಂಡರಿಗೆ ಈ ಅಪಾಯ ಹೆಚ್ಚು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ಈ ಎಂಜಿನ್ನಿನ ಒಡೆಯರಿಗೆ ಚೆನ್ನಾಗಿ ಅನ್ವಯಿಸುತ್ತದೆ. ಬುದ್ಧಿ ಮೊದಲೇ ಬಂದವರು ಕೆಲವು ಸಾವಿರ ಕಿಲೋಮೀಟರುಗಳಿಗೊಮ್ಮೆ ಎಣ್ಣೆ ಬದಲಿಸಿ, ಸಂದು ಅಳೆದು, ಬೆಲ್ಟನ್ನು ಒತ್ತಿ ನೋಡುತ್ತಾರೆ.

ಈ ಬುದ್ಧಿಯನ್ನು ಜನಸಾಮಾನ್ಯರಿಗೆ ಹಂಚಿದ್ದು ಒಂದು ಪುಸ್ತಕ. 1969ರಲ್ಲಿ ಜಾನ್ ಮ್ಯೂರ್ ಎಂಬ ಅಮೆರಿಕದ ಎಂಜಿನಿಯರು, ಸ್ಪ್ಯಾನರು ಹಿಡಿದೇ ಅರಿಯದವರಿಗಾಗಿ ಫೋಕ್ಸ್‌ವ್ಯಾಗನ್ನನ್ನು ಬದುಕಿಸಿಕೊಳ್ಳುವ ಕೈಪಿಡಿಯೊಂದನ್ನು ಹೊರತಂದನು. ಪೀಟರ್ ಆಶ್ವಾಂಡನ್ ಅದಕ್ಕೆ ಚಿತ್ರ ಬರೆದನು. ಅದು ಬಹು ಜನಪ್ರಿಯವಾಯಿತು. ಕಾರ್ಖಾನೆಯ ಗುಟ್ಟೆನಿಸಿದ ವಿದ್ಯೆ ಅಡುಗೆಮನೆಯ ವಿದ್ಯೆಯಂತೆ ಕೈಯಿಂದ ಕೈಗೆ ಸಾಗಿತು. ಯಂತ್ರ ಬಿಚ್ಚುವಂತಿದ್ದುದರಿಂದಲೇ ಇಂಥ ಪುಸ್ತಕ ಸಾಧ್ಯವಾಯಿತೆಂಬುದನ್ನು ಮರೆಯಲಾಗದು.

ಈಗ ಕಾನೂನಿನ ಕಡೆಗೆ ನೋಡೋಣ. ಜರ್ಮನಿಯಲ್ಲಿ 1997ರಿಂದ, ಮೂವತ್ತು ವರ್ಷ ದಾಟಿ ಮೂಲರೂಪದಲ್ಲಿ ಸುಸ್ಥಿತಿಯಲ್ಲಿರುವ ವಾಹನಕ್ಕೆ ವಿಶೇಷ ಸಂಖ್ಯಾಫಲಕ ದೊರೆಯುತ್ತದೆ. ಹೊಗೆ ನಿರ್ಬಂಧವಿರುವ ನಗರವಲಯಗಳಿಗೂ ಅದು ಹೋಗಬಹುದು. ಭಾರತದಲ್ಲಿ 2021ರ ನಿಯಮಗಳು ಐವತ್ತು ವರ್ಷ ದಾಟಿದ, ಹೆಚ್ಚಿನ ಬದಲಾವಣೆಗೆ ಒಳಗಾಗದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಟ್ಟವು. ಆದರೆ ನಿತ್ಯದ ಸಂಚಾರಕ್ಕೆ ಅವನ್ನು ಬಳಸುವಂತಿಲ್ಲ. ಇತ್ತ ದೆಹಲಿ ಪ್ರದೇಶದಲ್ಲಿ ಹತ್ತು ವರ್ಷದ ಡೀಸೆಲ್ ವಾಹನಕ್ಕೂ ಹದಿನೈದು ವರ್ಷದ ಪೆಟ್ರೋಲ್ ವಾಹನಕ್ಕೂ ಹಸಿರು ನ್ಯಾಯಮಂಡಳಿ 2015ರಲ್ಲಿ ನಿಷೇಧ ವಿಧಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಆ ಪ್ರಶ್ನೆ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂತು.

ಈ ಎರಡು ಅಂಕಿಗಳನ್ನು ವಾಚಕರು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹದಿನೈದು ವರ್ಷಕ್ಕೆ ಗುಜರಿ. ಐವತ್ತು ವರ್ಷಕ್ಕೆ ಪರಂಪರೆ. ನಡುವಿನ ಮೂವತ್ತೈದು ವರ್ಷ ಆ ಗಾಡಿಯನ್ನು ಬದುಕಿಸುವವರು ಯಾರು? ಯಾವ ಮನ್ನಣೆಯೂ ಇಲ್ಲದ ಕಾಲದಲ್ಲಿ ಎಣ್ಣೆ ಬದಲಿಸಿ, ಬಿರುಕು ಬೆಸೆದು, ಸಿಗದ ಬಿಡಿಭಾಗವನ್ನು ಲೇತಿನಲ್ಲಿ ಕಡೆಸಿ ಕಾಪಾಡಿದ ಮೆಕ್ಯಾನಿಕ್ಕನೂ ಹಟಮಾರಿ ಒಡೆಯನೂ ಅಲ್ಲವೆ? ಉಳಿದುಬಂದ ವಸ್ತುವಿಗೆ ಕಾನೂನು ಹಾರ ಹಾಕುತ್ತದೆ. ಉಳಿಸಿದ ಕೈಗಳಿಗೆ ಅದರ ಲೆಕ್ಕದಲ್ಲಿ ಸ್ಥಾನವಿಲ್ಲ.

ಎದುರು ವಾದವನ್ನೂ ನ್ಯಾಯವಾಗಿ ಒಪ್ಪಬೇಕು. ಈ ಎಂಜಿನ್ನುಗಳ ಹೊಗೆ ಇಂದಿನ ಎಂಜಿನ್ನುಗಳ ಹೊಗೆಗಿಂತ ಬಹಳ ಕೆಟ್ಟದ್ದು. ಅಪಘಾತವಾದರೆ ಹಳೆಯ ವ್ಯಾನಿನಲ್ಲಿ ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವುದು ಚಾಲಕನ ಕಾಲು. 2014ರಿಂದ ಗಾಳಿಚೀಲ ಮತ್ತು ಬ್ರೇಕಿನ ಹೊಸ ರಕ್ಷಣೆ ಕಡ್ಡಾಯವಾದುದೇ ಬ್ರೆಜಿಲ್ಲಿನಲ್ಲಿ ಅದರ ತಯಾರಿಕೆ ನಿಲ್ಲಲು ಕಾರಣ. ಅದು ಸರಿಯಾದ ಕಾನೂನೇ. ದೆಹಲಿಯ ಮಗುವಿನ ಶ್ವಾಸಕೋಶಕ್ಕಿಂತ ಯಾವ ಗಾಡಿಯೂ ದೊಡ್ಡದಲ್ಲ. ಆದರೆ ಹೊಗೆಯನ್ನು ಅಳೆಯಲು ಉಪಕರಣಗಳಿರುವಾಗ ವಯಸ್ಸನ್ನು ಮಾತ್ರ ಅಳೆಯುವುದು ಸೋಮಾರಿತನದ ಆಡಳಿತವೆನಿಸುತ್ತದೆ. ಚೆನ್ನಾಗಿ ಆರೈಕೆಗೊಂಡ ವಾಹನವನ್ನೂ ಪಾಳುಬಿದ್ದ ವಾಹನವನ್ನೂ ಒಂದೇ ತಕ್ಕಡಿಗೆ ಹಾಕಿದರೆ ಆರೈಕೆ ಮಾಡುವ ಮನಸ್ಸು ಯಾರಿಗೆ ಬಂದೀತು?

ಹೊಸ ಯಂತ್ರಗಳ ವಿಷಯದಲ್ಲಿ ಪ್ರಶ್ನೆ ಇನ್ನೂ ಗಹನವಾದುದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿ ವಾಹನಗಳ ರಿಪೇರಿ ಮಾಹಿತಿಯನ್ನು ಸ್ವತಂತ್ರ ವರ್ಕ್‌ಷಾಪುಗಳಿಗೂ ಕೊಡಬೇಕೆಂದು ಶಾಸನ ಮಾಡಿತು. ವಾಹನ ತಂತಿಯಿಲ್ಲದೆ ಕಳಿಸುವ ಮಾಹಿತಿಗೂ ಆ ಹಕ್ಕು ಸಲ್ಲಬೇಕೆಂದು 2020ರಲ್ಲಿ ಅಲ್ಲಿಯ ಜನ ಮತ ಕೊಟ್ಟರು. ಐರೋಪ್ಯ ಒಕ್ಕೂಟ 2024ರಲ್ಲಿ ಬಟ್ಟೆ ಒಗೆಯುವ ಯಂತ್ರ, ಫೋನು ಮೊದಲಾದವುಗಳ ರಿಪೇರಿ ಹಕ್ಕಿನ ನಿರ್ದೇಶನ ಹೊರಡಿಸಿತು. ಭಾರತ ಸರ್ಕಾರ 2022ರಲ್ಲಿ ಇದೇ ಉದ್ದೇಶದ ಒಂದು ಮಾಹಿತಿ ತಾಣವನ್ನು ತೆರೆಯಿತು. ಅದರಲ್ಲಿ ಮೋಟಾರುಗಾಡಿಗಳೂ ಕೃಷಿಯಂತ್ರಗಳೂ ಸೇರಿವೆ. ಇವೆಲ್ಲ ಸ್ವಾಗತಾರ್ಹ. ಆದರೂ ಕಾನೂನು ಮಾಹಿತಿಯನ್ನು ಕೊಡಿಸಬಲ್ಲದು. ಅಂಟಿನಿಂದ ಮುಚ್ಚಿದ ಪೆಟ್ಟಿಗೆಗೆ ಬೋಲ್ಟು ಹಾಕಿಸುವುದು ಅದಕ್ಕಿಂತ ಕಷ್ಟ. ಬಿಚ್ಚುವ ಅವಕಾಶವನ್ನು ಯಂತ್ರ ಹುಟ್ಟುವ ಮೊದಲೇ, ನಕ್ಷೆ ಬರೆಯುವ ಮೇಜಿನ ಮೇಲೆಯೇ ಇಡಬೇಕು.

ಹ್ಯಾನೋವರಿನಲ್ಲಿ ಇಂದು ತಯಾರಾಗುತ್ತಿರುವುದು ವಿದ್ಯುತ್ ವ್ಯಾನು. ಅದು ಹೊಗೆಯುಗುಳುವುದಿಲ್ಲ, ಅಷ್ಟರಮಟ್ಟಿಗೆ ಅಜ್ಜನಿಗಿಂತ ಸಜ್ಜನ. ಆದರೆ 2072ರಲ್ಲಿ ಅದಕ್ಕೆ ಐವತ್ತು ತುಂಬುವಾಗ, ಅದರ ಬ್ಯಾಟರಿಯನ್ನು ಬಿಚ್ಚಬಲ್ಲ ಕೈ, ಅದರ ಗಣಕಕ್ಕೆ ಬೇಕಾದ ಸಂಕೇತ, ಅದನ್ನು ಕಲಿಸುವ ಪುಸ್ತಕ ಊರಿನ ವರ್ಕ್‌ಷಾಪಿನಲ್ಲಿ ಇರುತ್ತವೆಯೆ? ನಮ್ಮ ಐ.ಟಿ.ಐ.ಗಳಲ್ಲಿಯೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಪಾಠ ಹೇಳುವವರು ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡುವುದು ಒಳ್ಳೆಯದು. ಆಯುಧಪೂಜೆಯ ದಿನ ನಾವು ಯಂತ್ರಕ್ಕೆ ಕುಂಕುಮವಿಟ್ಟು ಕೈಮುಗಿಯುತ್ತೇವೆ. ಉಳಿದ ದಿನಗಳಲ್ಲಿ ಅದರ ಮುಚ್ಚಳ ತೆಗೆದು, ಸಂದು ಅಳೆದು, ಎಣ್ಣೆ ಹಾಕುವ ಹಕ್ಕೂ ವಿದ್ಯೆಯೂ ನಮ್ಮಲ್ಲಿ ಉಳಿಯಬೇಕು.